1798ರ ರಾಜದ್ರೋಹ ಕಾಯ್ದೆ: ಅಧ್ಯಕ್ಷರನ್ನು ಬೈದರೆ ಜೈಲು, ಉಪಾಧ್ಯಕ್ಷರನ್ನು ಎಷ್ಟು ಬೇಕಾದರೂ ಬೈಯಬಹುದು

ತುಂಗೆಯ ದಂಡೆ
ಶುಕ್ರವಾರ ರಾತ್ರಿ

ಹೋದ ವಾರ ಪಕ್ಕದ ಎಳೆಯಲ್ಲಿ ಯಾರೋ "ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯ ಹುಟ್ಟಿನಿಂದಲೇ ಬಂದದ್ದು" ಅಂತ ಬರೆದಿದ್ದರು. ಅಲ್ಲೇ ಎರಡು ಸಾಲು ಉತ್ತರ ಹಾಕೋಣ ಅಂತ ಕೂತೆ, ಎರಡು ಪುಟ ಆಯಿತು. ಅದಕ್ಕೇ ಬೇರೆ ಎಳೆ.

ಪತ್ರಿಕೆ, ಮಾತು ಇವುಗಳ ಸ್ವಾತಂತ್ರ್ಯ ಮೊಟಕು ಮಾಡುವ ಯಾವ ಕಾನೂನನ್ನೂ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಮಾಡಕೂಡದು ಅನ್ನುವ ಸಂವಿಧಾನದ ಮೊದಲ ತಿದ್ದುಪಡಿ ಜಾರಿಗೆ ಬಂದದ್ದು 1791ರ ಡಿಸೆಂಬರಿನಲ್ಲಿ. ಏಳು ವರ್ಷ ತುಂಬುವ ಮೊದಲೇ, 1798ರ ಜುಲೈ 14ರಂದು, ಅಧ್ಯಕ್ಷ ಜಾನ್ ಆಡಮ್ಸ್ ಒಂದು ಮಸೂದೆಗೆ ಅಂಕಿತ ಹಾಕಿದರು. ಸರ್ಕಾರದ ವಿರುದ್ಧ, ಕಾಂಗ್ರೆಸ್ಸಿನ ಎರಡು ಸದನಗಳ ವಿರುದ್ಧ, ಅಧ್ಯಕ್ಷರ ವಿರುದ್ಧ ಸುಳ್ಳು, ಹಗರಣದ, ದ್ವೇಷದ ಬರಹ ಬರೆದರೆ, ಅಚ್ಚು ಹಾಕಿದರೆ, ಅಚ್ಚು ಹಾಕಲು ಕೈ ಜೋಡಿಸಿದರೆ 2000 ಡಾಲರ್ ತನಕ ದಂಡ, ಎರಡು ವರ್ಷದ ತನಕ ಜೈಲು. ಪ್ರತಿನಿಧಿ ಸಭೆಯಲ್ಲಿ ಇದು ಪಾಸಾದದ್ದು 44-41ರಲ್ಲಿ. ಸೆನೆಟ್ ಒಪ್ಪಿಗೆ ಕೊಟ್ಟ ದಿನ ಜುಲೈ 4! ಹೊರಗೆ ಸ್ವಾತಂತ್ರ್ಯೋತ್ಸವದ ತೋಪು ಹಾರುತ್ತಿದ್ದಾಗ ಒಳಗೆ ಈ ಕೆಲಸ.

ಈಗ ಪಟ್ಟಿಯನ್ನು ಇನ್ನೊಮ್ಮೆ ಓದಿ. ಸರ್ಕಾರ, ಎರಡು ಸದನ, ಅಧ್ಯಕ್ಷರು. ಉಪಾಧ್ಯಕ್ಷರು ಎಲ್ಲಿ? ಇಲ್ಲ. ಯಾಕೆಂದರೆ ಆಗಿನ ಪದ್ಧತಿಯಲ್ಲಿ ಚುನಾವಣೆಯಲ್ಲಿ ಎರಡನೇ ಸ್ಥಾನಕ್ಕೆ ಬಂದವರೇ ಉಪಾಧ್ಯಕ್ಷರು. 1796ರಲ್ಲಿ ಆಡಮ್ಸ್ ಗೆದ್ದರು, ಸೋತ ಥಾಮಸ್ ಜೆಫರ್ಸನ್ ಉಪಾಧ್ಯಕ್ಷರಾದರು. ಆಡಮ್ಸ್ ಫೆಡರಲಿಸ್ಟ್ ಬಣ, ಜೆಫರ್ಸನ್ ಎದುರು ಬಣವಾದ ರಿಪಬ್ಲಿಕನ್ನರ ನಾಯಕ (ಇಂದಿನ ರಿಪಬ್ಲಿಕನ್ ಪಕ್ಷ ಬೇರೆ, ಗೊಂದಲ ಬೇಡ). ಒಂದೇ ಮನೆಯಲ್ಲಿ ಇಬ್ಬರು ಸವತಿಯರು. ಕಾನೂನು ಮಾಡಿದವರು ಜೆಫರ್ಸನ್ನರನ್ನು ಬೈಯುವ ದಾರಿಯನ್ನು ತೆರೆದೇ ಇಟ್ಟರು.

ಇನ್ನೊಂದು ಕಲಂ ಇನ್ನೂ ಚೆನ್ನಾಗಿದೆ. ಕಾಯ್ದೆ ತಾನಾಗಿಯೇ ರದ್ದಾಗುವ ದಿನ 1801ರ ಮಾರ್ಚ್ 3. ಆಡಮ್ಸ್ ಅವಧಿಯ ಕೊನೆಯ ದಿನ ಅದು. ಮುಂದೆ ತಾವು ಸೋತರೆ ಇದೇ ದೊಣ್ಣೆ ತಮ್ಮ ಬೆನ್ನಿಗೆ ಬೀಳಬಾರದಲ್ಲ! ದೇಶದ ಭದ್ರತೆಗೆ ಅಂತ ಮಾಡಿದ ಕಾನೂನು ಹೌದೋ ಅಲ್ಲವೋ ಅನ್ನುವುದಕ್ಕೆ ನನಗೆ ಈ ಎರಡು ಸಾಕ್ಷಿ ಸಾಕು. ಒಪ್ಪದವರು ಬನ್ನಿ.

ಧಾರವಾಡದಾಂವ
ಶುಕ್ರವಾರ ರಾತ್ರಿ

ನಾ ಒಪ್ಪೂದಿಲ್ರಿ ಸರ್. ಕಾನೂನಿಗೆ ಹಾಲಿನ ಪ್ಯಾಕೀಟಿನಂಗ ತಾರೀಖು ಹಾಕಿದ್ರು ಅಂತ ನಗಬ್ಯಾಡ್ರಿ. ಯುದ್ಧದ ಅಂಜಿಕಿಯೊಳಗ ಮಾಡಿದ ಕಾನೂನಿಗೆ ಕೊನೀ ತಾರೀಖು ಇರಬೇಕು, ಇರಲಾರದ ಕಾನೂನs ಅಪಾಯ.

ಆಗಿನ ಹವಾ ನೋಡ್ರಿ ಒಮ್ಮೆ. ಫ್ರಾನ್ಸಿನವರು ಸಮುದ್ರದೊಳಗ ಅಮೆರಿಕದ ಹಡಗ ಹಿಡೀತಿದ್ರು. ಮಾತುಕತಿಗೆ ಆಡಮ್ಸ್ ಮೂರು ಮಂದಿ ರಾಯಭಾರಿಗಳನ್ನ ಪ್ಯಾರಿಸಿಗೆ ಕಳಿಸಿದ್ರ, ವಿದೇಶಾಂಗ ಮಂತ್ರಿ ತಲೀರಾಂ ಕಡೆಯವರು "ಮೊದಲ ಲಂಚ ಇಡ್ರಿ, ಆಮ್ಯಾಲೆ ಮಾತು" ಅಂದ್ರು. ಆ ದಲ್ಲಾಳಿಗಳ ಹೆಸರು ಮುಚ್ಚಿ ಎಕ್ಸ್, ವೈ, ಝಡ್ ಅಂತ ಬರದು ಕಾಗದಪತ್ರ ಬಹಿರಂಗ ಮಾಡಿದ್ರು. ಊರಿಗೆ ಊರs ಉರೀತು. ಅಂಥಾ ಹೊತ್ತಿನ್ಯಾಗ ಫ್ರಾನ್ಸಿನ ಪರ ಬರಿಯೋ ಪತ್ರಿಕೆಗಳಿಗೆ ಲಗಾಮು ಹಾಕಬೇಕು ಅಂತ ಯಾವ ಸರ್ಕಾರಕ್ಕ ಅನಸೂದಿಲ್ಲ ಹೇಳ್ರಿ? ಮತ್ತ ಈ ಮಸೂದೆ ತರ್ರಿ ಅಂತ ಆಡಮ್ಸ್ ಕೇಳಿದವರಲ್ಲ. ಬಂತು, ಸಹಿ ಹಾಕಿದ್ರು.

ಕರಿಕೋಟು
ಶುಕ್ರವಾರ ರಾತ್ರಿ

ಕೇಳಲಿಲ್ಲ, ನಿಜ. ತಡೆಯಲೂ ಇಲ್ಲ. ಅವರ ಪತ್ನಿ ಅಬಿಗೇಲ್ ಆಡಮ್ಸ್ ಆ ವರ್ಷ ಬರೆದ ಪತ್ರಗಳನ್ನು ಓದಿದರೆ ಮನೆಯೊಳಗಿನ ಗಾಳಿ ಯಾವ ಕಡೆ ಬೀಸುತ್ತಿತ್ತು ಅಂತ ಗೊತ್ತಾಗುತ್ತದೆ. ವಿರೋಧಿ ಪತ್ರಿಕೆಗಳ ಬಾಯಿ ಕಟ್ಟಲೇಬೇಕು ಅಂತ ಅಕ್ಕನಿಗೆ ಬರೆಯುತ್ತಿದ್ದರು.

ಒಂದು ವಿಷಯ ಧಾರವಾಡದವರ ಪರವಾಗಿ ಹೇಳಬೇಕು. ಫೆಡರಲಿಸ್ಟರೆಲ್ಲ ಒಂದೇ ಕುಲುಮೆಯಲ್ಲಿ ಬೆಂದವರಲ್ಲ. ಮೊದಲ ಕರಡು ನೋಡಿದ ಫೆಡರಲಿಸ್ಟರ ಮುಂದಾಳು ಅಲೆಗ್ಸಾಂಡರ್ ಹ್ಯಾಮಿಲ್ಟನ್ನೇ "ದಬ್ಬಾಳಿಕೆ ಸ್ಥಾಪಿಸುವುದು ಬೇಡ" ಅಂತ ಎಚ್ಚರಿಸಿ ಪತ್ರ ಬರೆದಿದ್ದರು. ಮುಂದೆ ಮುಖ್ಯ ನ್ಯಾಯಮೂರ್ತಿಯಾದ ಜಾನ್ ಮಾರ್ಷಲ್, ಫೆಡರಲಿಸ್ಟ್ ಅಭ್ಯರ್ಥಿಯಾಗಿ ನಿಂತಾಗಲೇ, ನಾನು ಸದನದಲ್ಲಿದ್ದಿದ್ದರೆ ಇದನ್ನು ವಿರೋಧಿಸುತ್ತಿದ್ದೆ ಅಂತ ಬಹಿರಂಗವಾಗಿ ಹೇಳಿದರು.

ಇನ್ನು ಒಂದು ಪದದ ತಕರಾರು. ಶೀರ್ಷಿಕೆಯಲ್ಲಿ "ರಾಜದ್ರೋಹ" ಅಂದಿದ್ದೀರಿ. ರಾಜನನ್ನು ಓಡಿಸಿ ಹದಿನೈದು ವರ್ಷ ಆಗಿತ್ತಲ್ಲ ಸರ್?

ತುಂಗೆಯ ದಂಡೆ
ಶುಕ್ರವಾರ ರಾತ್ರಿ

ಅದಕ್ಕೇ ಆ ಪದ ಹಾಕಿದ್ದು ಗುರುಗಳೇ. ಲಯನ್ ಅನ್ನುವ ಸಂಸದ ಜೈಲಿಗೆ ಹೋದದ್ದೇ ಅಧ್ಯಕ್ಷರು ರಾಜನ ಹಾಗೆ ಮೆರೆಯುತ್ತಾರೆ ಅಂತ ಬರೆದದ್ದಕ್ಕೆ. ಅವನ ಕಥೆ ನಾಳೆ ಬರೆಯುತ್ತೇನೆ, ಈಗ ಕರೆಂಟು ಹೋಗುವ ಸೂಚನೆ.

ಎಡಿಸನ್ ಅಮ್ಮ
ಶನಿವಾರ ಬೆಳಗ್ಗೆ

ಲಯನ್ ಹೆಸರು ಬಂದ ಮೇಲೆ ನಾನು ಸುಮ್ಮನಿರಲಾರೆ. ಹೋದ ಬೇಸಿಗೆಯಲ್ಲಿ ಊರಿಂದ ಅತ್ತೆ, ಮಾವ ಬಂದಿದ್ದರು, ಫಿಲಡೆಲ್ಫಿಯಾಕ್ಕೆ ಕರೆದುಕೊಂಡು ಹೋಗಿದ್ದೆವು. ಇಂಡಿಪೆಂಡೆನ್ಸ್ ಹಾಲ್ ಎಲ್ಲರೂ ನೋಡುತ್ತಾರೆ. ಅದರ ಪಕ್ಕದಲ್ಲೇ ಕೆಂಪು ಇಟ್ಟಿಗೆಯ ಕಾಂಗ್ರೆಸ್ ಹಾಲ್ ಇದೆ. 1790ರಿಂದ 1800ರ ತನಕ ರಾಜಧಾನಿ ಫಿಲಡೆಲ್ಫಿಯಾ, ಸದನ ಸೇರುತ್ತಿದ್ದದ್ದು ಇಲ್ಲಿ. ಕೆಳಗೆ ಪ್ರತಿನಿಧಿ ಸಭೆ, ಮೇಲೆ ಸೆನೆಟ್. ಆಡಮ್ಸ್ 1797ರಲ್ಲಿ ಪ್ರಮಾಣವಚನ ತೆಗೆದುಕೊಂಡದ್ದೂ ಆ ಕೆಳಗಿನ ಕೋಣೆಯಲ್ಲೇ. ಮಾವ ಒಳಗೆ ಕಾಲಿಟ್ಟವರೇ "ಇಷ್ಟೇನಾ? ನಮ್ಮೂರ ಕಲ್ಯಾಣ ಮಂಟಪ ಇದಕ್ಕಿಂತ ದೊಡ್ಡದು" ಅಂದರು. ಅರ್ಧ ಚಂದ್ರಾಕಾರದಲ್ಲಿ ಮೇಜು, ಚರ್ಮದ ಕುರ್ಚಿ. ನೂರು ಚಿಲ್ಲರೆ ಜನ ಇಷ್ಟು ಹತ್ತಿರ ಕೂತು ಬೈದಾಡಿಕೊಂಡರೆ ಉಗುಳು ಬೀಳದೆ ಇನ್ನೇನು!

ಉಗುಳಿದ್ದು ನಿಜವಾಗಿ. 1798ರ ಜನವರಿ 30. ವರ್ಮಾಂಟಿನ ಮ್ಯಾಥ್ಯೂ ಲಯನ್ "ಕನೆಟಿಕಟ್‌ನಲ್ಲಿ ಆರು ತಿಂಗಳು ಪತ್ರಿಕೆ ನಡೆಸಿದರೆ ಅಲ್ಲಿನ ಪ್ರತಿನಿಧಿಗಳನ್ನೆಲ್ಲ ಮನೆಗೆ ಕಳಿಸುತ್ತೇನೆ" ಅಂತ ಜಂಬ ಕೊಚ್ಚುತ್ತಿದ್ದ. ಕನೆಟಿಕಟ್ಟಿನ ರೋಜರ್ ಗ್ರಿಸ್‌ವೋಲ್ಡ್ "ಬರುವಾಗ ನಿನ್ನ ಮರದ ಕತ್ತಿ ಕಟ್ಟಿಕೊಂಡು ಬರುತ್ತೀಯಾ?" ಅಂದ. ಸ್ವಾತಂತ್ರ್ಯ ಯುದ್ಧದಲ್ಲಿ ಲಯನ್‌ನ ತುಕಡಿ ಠಾಣೆ ಬಿಟ್ಟು ಹೋಯಿತು, ಅವನನ್ನು ಸೇನೆಯಿಂದ ತೆಗೆದುಹಾಕಿದರು, ಹೇಡಿ ಅಂತ ಮರದ ಕತ್ತಿ ಕಟ್ಟಿ ಕಳಿಸಿದರು ಅಂತ ಗುಲ್ಲಿತ್ತು. ಮೊದಲ ಸಲ ಲಯನ್ ಕೇಳಿಸದವನ ಹಾಗೆ ಇದ್ದ. ಗ್ರಿಸ್‌ವೋಲ್ಡ್ ತೋಳು ಹಿಡಿದು ಇನ್ನೊಮ್ಮೆ ಅಂದ. ಲಯನ್ ಅವನ ಮುಖಕ್ಕೆ ಉಗುಳಿದ. ಸದನದಿಂದ ಉಚ್ಚಾಟಿಸಲು ಮತಕ್ಕೆ ಹಾಕಿದರು, 52-44. ಮೂರನೇ ಎರಡರಷ್ಟು ಬೇಕಿತ್ತು, ಸಿಗಲಿಲ್ಲ.

ಫೆಬ್ರುವರಿ 15ಕ್ಕೆ ಗ್ರಿಸ್‌ವೋಲ್ಡ್ ಹಿಕರಿ ಮರದ ದಪ್ಪ ಊರುಗೋಲು ತಂದ, ಕೂತಿದ್ದ ಲಯನ್ ಮೇಲೆ ಎರಗಿದ. ಲಯನ್ ಏಳಲೂ ಆಗದೆ ತಡವರಿಸಿ ಕೊನೆಗೆ ಅಗ್ಗಿಷ್ಟಿಕೆಯ ಹತ್ತಿರ ಹೋಗಿ ಬೆಂಕಿಯ ಇಕ್ಕಳ ಎತ್ತಿಕೊಂಡ. ಆಗಿನ ವ್ಯಂಗ್ಯಚಿತ್ರ ಒಂದಿದೆ. ಒಬ್ಬನ ಕೈಯಲ್ಲಿ ಕೋಲು, ಇನ್ನೊಬ್ಬನ ಕೈಯಲ್ಲಿ ಇಕ್ಕಳ, ಸುತ್ತ ಸದಸ್ಯರು ನಗುತ್ತಾ ನೋಡುತ್ತಿದ್ದಾರೆ, ಕೆಳಗೊಂದು ನಾಯಿ.

ಧಾರವಾಡದಾಂವ
ಶನಿವಾರ ಬೆಳಗ್ಗೆ

ಉತ್ತರನ ಪೌರುಷ ಒಲೆಯ ಮುಂದೆ ಅನ್ನೂ ಗಾದಿಗೆ ಇದಕ್ಕಿಂತ ಛಲೋ ಉದಾಹರಣಿ ಸಿಗೂದಿಲ್ಲ ಬಿಡ್ರಿ ಅಕ್ಕಾರ. ಅಕ್ಷರಶಃ ಒಲಿ ಮುಂದs!

ಪ್ರಶ್ನೆ ಮಾತ್ರ
ಶನಿವಾರ ಬೆಳಗ್ಗೆ

ಸರ್, ಮೇಡಂ, ಪರೀಕ್ಷೆಗೆ ಓದುತ್ತಿರುವವನು. ಅಂದರೆ ಈ ಹೊಡೆದಾಟ ರಾಜದ್ರೋಹ ಕಾಯ್ದೆಯ ಚರ್ಚೆ ವೇಳೆ ಆದದ್ದಾ?

ತುಂಗೆಯ ದಂಡೆ
ಶನಿವಾರ ಮಧ್ಯಾಹ್ನ

ಅಲ್ಲಪ್ಪ, ತಾರೀಖು ನೋಡು. ಹೊಡೆದಾಟ ಫೆಬ್ರುವರಿ, ಕಾಯ್ದೆ ಜುಲೈ. ಆದರೆ ಬೇರೆ ಬೇರೆ ಅಂತ ಹೇಳಲೂ ಬಾರದು. ಕಾಯ್ದೆ ಕೈಗೆ ಬಂದ ಮೂರೇ ತಿಂಗಳಲ್ಲಿ ಮೊದಲು ಹಿಡಿದದ್ದು ಯಾರನ್ನು? ಇದೇ ಉಗುಳುವ ಸಿಂಹವನ್ನು. (ಹೆಸರು ಲಯನ್, ವಿರೋಧಿ ಪತ್ರಿಕೆಗಳಿಗೆ ಹಬ್ಬ.)

ಲಯನ್ ಐರ್ಲೆಂಡಿನಲ್ಲಿ ಹುಟ್ಟಿದವ. ಹುಡುಗನಾಗಿದ್ದಾಗ ಹಡಗಿನ ಬಾಡಿಗೆ ತೀರಿಸಲು ಕರಾರಿನ ಜೀತಕ್ಕೆ ಒಪ್ಪಿ ಬಂದ. ಅವನ ಕರಾರು ಒಬ್ಬರಿಂದ ಇನ್ನೊಬ್ಬರಿಗೆ ಹೋದದ್ದು ಒಂದು ಜೊತೆ ಹೋರಿಯ ಬೆಲೆಗೆ. ದೊಡ್ಡವನಾದ ಮೇಲೆ "ನನ್ನನ್ನು ಬಿಡಿಸಿದ ಹೋರಿಗಳಾಣೆ" ಅಂತ ಆಣೆ ಇಡುತ್ತಿದ್ದನಂತೆ. ಇಂಥವನು ರೇಷ್ಮೆ ಕಾಲುಚೀಲದ ಮಂದಿಯ ನಡುವೆ ಬಂದು ಕೂತರೆ ಹೇಗಿರಬೇಡ. ಹ್ಯಾರಿಸನ್ ಗ್ರೇ ಓಟಿಸ್ ಅನ್ನುವ ಸಂಸದರು 1797ರಲ್ಲೇ ಸದನದಲ್ಲಿ ಕಾಡು ಐರಿಶರ ದಂಡು ನಮಗೆ ಬೇಡ ಅಂದಿದ್ದರು.

ಅಪರಾಧ ಏನೆಂದರೆ ಒಂದು ಪತ್ರ. ಆಡಮ್ಸ್ ಆಡಳಿತದಲ್ಲಿ ಜನರ ಹಿತ ಹಿಂದೆ ಬಿತ್ತು. ಕಾಣುವುದೆಲ್ಲ "ಹಾಸ್ಯಾಸ್ಪದ ಆಡಂಬರದ ಕೊನೆಯಿಲ್ಲದ ದಾಹ, ಮೂರ್ಖ ಮುಖಸ್ತುತಿ, ಸ್ವಾರ್ಥದ ದುರಾಸೆ" ಅಂತ. ಪತ್ರ ಬರೆದದ್ದು ಜೂನ್ 20ರಂದು, ಫಿಲಡೆಲ್ಫಿಯಾದ ಅಂಚೆ ಮುದ್ರೆ ಜುಲೈ 7ರದು. ಕಾಯ್ದೆ ಹುಟ್ಟಿದ್ದೇ 14ಕ್ಕೆ. ಆದರೆ ವರ್ಮಾಂಟಿನ ಪತ್ರಿಕೆ ಅಚ್ಚು ಹಾಕಿದ್ದು 31ಕ್ಕೆ. ಸಿಕ್ಕಿಬಿದ್ದ.

ವಿಚಾರಣೆ ಅಕ್ಟೋಬರಿನಲ್ಲಿ, ರಟ್ಲಂಡಿನಲ್ಲಿ. ಸರಿಯಾದ ವಕೀಲರು ಸಿಗದೆ ತಾನೇ ವಾದಿಸಿದ. ನ್ಯಾಯಾಧೀಶರು ವಿಲಿಯಂ ಪ್ಯಾಟರ್ಸನ್, ಸುಪ್ರೀಂ ಕೋರ್ಟಿನವರು. ಆಗ ಅವರೇ ಕುದುರೆಗಾಡಿಯಲ್ಲಿ ಊರೂರು ಸುತ್ತಿ ಸರ್ಕಿಟ್ ಕೋರ್ಟು ನಡೆಸಬೇಕಿತ್ತು. ಲಯನ್ ಎದ್ದು ನಿಂತು ನ್ಯಾಯಾಧೀಶರನ್ನೇ ಕೇಳಿದ: "ತಾವು ಅಧ್ಯಕ್ಷರ ಮನೆಯಲ್ಲಿ ಊಟ ಮಾಡಿದ್ದೀರಲ್ಲ, ಅಲ್ಲಿ ಆಡಂಬರ ಕಾಣಲಿಲ್ಲವೇ?" ಪ್ಯಾಟರ್ಸನ್, ನಾನು ಕಂಡದ್ದು ಬರೀ ಸರಳತೆ ಅಂದರು. ಸಾಕ್ಷ್ಯ ಅಷ್ಟಕ್ಕೇ ಮುಗಿಯಿತು. ನಾಲ್ಕು ತಿಂಗಳು ಜೈಲು, 1000 ಡಾಲರ್ ದಂಡ.

ಜೈಲು ವಿಚಾರಣೆ ನಡೆದ ರಟ್ಲಂಡಿನಲ್ಲೂ ಅಲ್ಲ, ದೂರದ ವರ್ಜೆನ್ಸ್‌ನಲ್ಲಿ. ಕೋಣೆಯ ಅಳತೆ ಅವನೇ ಪತ್ರದಲ್ಲಿ ಬರೆದಿದ್ದಾನೆ: ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಮೂಲೆಯಲ್ಲೇ ಕಕ್ಕಸು, ಅದರ ನಾತ ಆಗಸ್ಟಿನ ಫಿಲಡೆಲ್ಫಿಯಾ ಬಂದರಿನ ನಾತಕ್ಕೆ ಸಮ. ಕಿಟಕಿ ಅನ್ನುವ ಕಿಂಡಿಗೆ ಒಂಬತ್ತು ಕಬ್ಬಿಣದ ಸಲಾಕೆ, ಗಾಜಿಲ್ಲ. ವರ್ಮಾಂಟಿನ ಚಳಿಗಾಲ ಅದು.

ಅಲ್ಲಿಂದಲೇ ಚುನಾವಣೆಗೆ ನಿಂತ, ಡಿಸೆಂಬರಿನಲ್ಲಿ ಗೆದ್ದ. ಎದುರಾಳಿಗೆ ಬಿದ್ದದ್ದಕ್ಕಿಂತ ಬಹಳ ಜಾಸ್ತಿ ಮತ.

ಧಾರವಾಡದಾಂವ
ಶನಿವಾರ ಮಧ್ಯಾಹ್ನ

ಇಷ್ಟ ಓದಿ ನನ್ನ ವಾದ ಸ್ವಲ್ಪ ಸಡಿಲಾತು, ಒಪ್ಕೋತೀನಿ. ಆದ್ರ ಪೂರಾ ಬಿಟ್ಟಿಲ್ಲ.

ಅಂದಂಗ ಈ ಕಾಯ್ದೆದಾಗ ಸಿಕ್ಕ ಕುಡುಕನ ಕಥಿ ಗೊತ್ತದ ಏನ್ರಿ ಯಾರಿಗರ? ನ್ಯೂಜರ್ಸಿಯ ನೆವಾರ್ಕ್, ಅಕ್ಕಾರ ಮನಿ ಕಡೇನs. 1798ರ ಜುಲೈನಾಗ ಆಡಮ್ಸ್ ಅವರ ಗಾಡಿ ಊರ ಮುಂದ ಹಾದು ಹೋತು, ಗೌರವಕ್ಕ ತೋಪು ಹಾರಿಸಿದ್ರು. ಲೂಥರ್ ಬಾಲ್ಡ್‌ವಿನ್ ಅನ್ನಾಂವ ಸೆರೆ ಅಂಗಡ್ಯಾಗ ಇದ್ದ. ಗೆಳ್ಯಾ ಒಬ್ಬ "ಅಧ್ಯಕ್ಷರ ಹಿಂಭಾಗಕ್ಕ ತೋಪು ಹೊಡಿಯಾಕತ್ಯಾರ ನೋಡು" ಅಂದ. ಈತ "ಒಳಗ ಹಾಯ್ದು ಹೋದ್ರೂ ನನಗೇನು" ಅಂದ. ಅಂಗಡಿಯಾಂವ "ಇದು ರಾಜದ್ರೋಹ" ಅಂತ ಕೂಗಿದ. 150 ಡಾಲರ್ ದಂಡ ಬಿತ್ತು. ದೇಶದ ಭದ್ರತಾ ಅಂತ ವಾದ ಮಾಡೂವಾಗ ಈ ಕೇಸು ನೆನಪಾಗಿ ನನಗs ನಗು ಬರತದ.

ಕರಿಕೋಟು
ಶನಿವಾರ ರಾತ್ರಿ

ನಗು ಆಯಿತು, ಈಗ ಸ್ವಲ್ಪ ಕಾನೂನು. ಫೆಡರಲಿಸ್ಟರು ಎದೆ ತಟ್ಟಿ ಹೇಳುತ್ತಿದ್ದ ಮಾತೊಂದಿದೆ. ನಮ್ಮ ಕಾಯ್ದೆ ಇಂಗ್ಲೆಂಡಿನ ಹಳೆಯ ಪದ್ಧತಿಗಿಂತ ಉದಾರವಾದದ್ದು ಅಂತ. ಕಾಗದದ ಮೇಲೆ ಅದು ಸತ್ಯವೇ. ಇಂಗ್ಲಿಷ್ ಸಾಮಾನ್ಯ ಕಾನೂನಿನಲ್ಲಿ (ಶಾಸನವಲ್ಲ, ಕೋರ್ಟು ತೀರ್ಪುಗಳಿಂದ ಬೆಳೆದದ್ದು) ಬರೆದದ್ದು ನಿಜವಾದರೂ ಅಪರಾಧವೇ. ಇಲ್ಲಿ ಆರೋಪಿ ತಾನು ಬರೆದದ್ದು ಸತ್ಯ ಅಂತ ಸಾಬೀತು ಮಾಡಿದರೆ ಬಿಡುಗಡೆ. ಅಲ್ಲಿ ಬರಹ ಅಪರಾಧವೋ ಅಲ್ಲವೋ ಅನ್ನುವುದನ್ನು ಬಹಳ ಕಾಲ ನ್ಯಾಯಾಧೀಶರೇ ತೀರ್ಮಾನಿಸುತ್ತಿದ್ದರು. ಇಲ್ಲಿ ಆ ಅಧಿಕಾರ ಜ್ಯೂರಿಗೆ.

ಹಾಗಾದರೆ ಜನ ಯಾಕೆ ಬಿಡುಗಡೆ ಆಗಲಿಲ್ಲ? ಲಯನ್ ಪ್ರಕರಣವನ್ನೇ ನೋಡಿ. "ಅಧ್ಯಕ್ಷರು ಖಜಾನೆಯಿಂದ ಇಷ್ಟು ದುಡ್ಡು ತೆಗೆದರು" ಅಂತ ಬರೆದಿದ್ದರೆ ಲೆಕ್ಕಪುಸ್ತಕ ತರಿಸಬಹುದು. "ಅಧ್ಯಕ್ಷರಿಗೆ ಆಡಂಬರದ ದಾಹ" ಅನ್ನುವುದಕ್ಕೆ ಯಾವ ದಾಖಲೆ ತರುವುದು? ಅದು ಅಭಿಪ್ರಾಯ. ಅಭಿಪ್ರಾಯಕ್ಕೆ ಸಾಕ್ಷಿ ಕೇಳಿದರೆ ಆರೋಪಿ ಸೋತ ಹಾಗೆಯೇ. 1800ರಲ್ಲಿ ಇದೇ ಕಾಯ್ದೆಯಡಿ ಸಿಕ್ಕ ಥಾಮಸ್ ಕೂಪರ್ ಒಂದು ಹೆಜ್ಜೆ ಮುಂದೆ ಹೋಗಿ ಅಧ್ಯಕ್ಷರಿಗೇ ಸಾಕ್ಷಿ ಸಮನ್ಸ್ ಕೊಡಿ ಅಂತ ಅರ್ಜಿ ಹಾಕಿದರು. ನ್ಯಾಯಾಧೀಶ ಸ್ಯಾಮ್ಯುಯೆಲ್ ಚೇಸ್ ತಿರಸ್ಕರಿಸಿದರು. ಆರು ತಿಂಗಳು, 400 ಡಾಲರ್. ಜ್ಯೂರಿ ಅಂತೀರಾ, ಅವರನ್ನು ಕರೆಸುತ್ತಿದ್ದ, ಮಾರ್ಷಲ್ ಅನ್ನುವ ಕೋರ್ಟಿನ ಅಧಿಕಾರಿಯನ್ನು ನೇಮಿಸುವವರು ಅಧ್ಯಕ್ಷರು.

ವಕೀಲಿಕೆಯಲ್ಲಿ ಇಪ್ಪತ್ತೆಂಟು ವರ್ಷ ಆಯಿತು ನನಗೆ. ಕಲಮಿನಲ್ಲಿ ರಕ್ಷಣೆ ಬರೆದಿದೆ ಅಂತ ಕಕ್ಷಿದಾರರಿಗೆ ಹೇಳುವಾಗ ಈಗಲೂ ನಾಲಿಗೆ ಸ್ವಲ್ಪ ತಡೆಯುತ್ತದೆ.

ತಾರೀಖಿನ ವಿಷಯದಲ್ಲಿ ಮಾತ್ರ ಧಾರವಾಡದವರಿಗೆ ನನ್ನ ಮತ. ನಮ್ಮ ದಂಡ ಸಂಹಿತೆಗೆ ರಾಜದ್ರೋಹದ 124ಎ ಕಲಂ ಬ್ರಿಟಿಷರು ಸೇರಿಸಿದ್ದು 1870ರಲ್ಲಿ, ತಾರೀಖಿಲ್ಲದೆ. ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿದದ್ದು 2022ರ ಮೇನಲ್ಲಿ. ಲೆಕ್ಕ ಹಾಕಿ, 152 ವರ್ಷ. ಹೊಸ ನ್ಯಾಯ ಸಂಹಿತೆಯಲ್ಲಿ ಅದರ ಜಾಗಕ್ಕೆ ಬಂದ ಕಲಮಿನ ಸಂಖ್ಯೆಯೂ 152. ಕಾಕತಾಳೀಯ, ಅಷ್ಟೇ.

ಮೊಳೆ ಜೋಡಿಸುವವ
ಭಾನುವಾರ ಬೆಳಗ್ಗೆ

ನಾನು ಹೆಚ್ಚು ಬರೆಯುವವನಲ್ಲ, ಓದುವವನು. ಆದರೆ ಮೂವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದವನಾಗಿ ಒಂದು ಮಾತು. ನೀವೆಲ್ಲ ಬರೆದವನ ಬಗ್ಗೆ ಮಾತಾಡುತ್ತಿದ್ದೀರಿ, ಕಾಯ್ದೆ ಗುರಿ ಇಟ್ಟದ್ದು ಅಚ್ಚು ಹಾಕುವವನಿಗೆ. ಆಗ ಸಂಪಾದಕ, ಮಾಲೀಕ, ಮೊಳೆ ಜೋಡಿಸುವವ ಎಲ್ಲ ಒಬ್ಬನೇ. ಅವನನ್ನು ಒಳಗೆ ಹಾಕಿದರೆ ಪತ್ರಿಕೆಗೆ ಬೀಗ. 2000 ಡಾಲರ್ ದಂಡ ಅಂದರೆ ಅಂಥವನ ಯಂತ್ರ, ಮೊಳೆ, ಮನೆ ಎಲ್ಲ ಮಾರಿದರೂ ಸಾಲದು. ನಮ್ಮ ವಾರಪತ್ರಿಕೆಗೆ ಒಮ್ಮೆ ಸ್ಥಳೀಯ ಮುಖಂಡರೊಬ್ಬರಿಂದ ಮಾನನಷ್ಟದ ನೋಟಿಸ್ ಬಂದಿತ್ತು. ಕೇಸು ನಡೆಯಲೇ ಇಲ್ಲ. ಆದರೆ ನಮ್ಮ ಯಜಮಾನರು ಆಮೇಲೆ ಎರಡು ವರ್ಷ ಮಳೆ, ಬೆಳೆ, ಜಾತ್ರೆ ಬಿಟ್ಟು ಬೇರೆ ಸುದ್ದಿ ಹಾಕಲಿಲ್ಲ. ಶಿಕ್ಷೆಯಾದವರು ಹತ್ತೇ ಮಂದಿ ಅಂತ ಕೆಲವರು ಹಗುರ ಮಾಡುತ್ತಾರೆ, ಅದಕ್ಕೆ ಇದನ್ನು ಹೇಳಿದೆ.

ಇನ್ನೊಂದು ವಿಚಿತ್ರ. ಆ ಪತ್ರಿಕೆಗಳಿಗೆ ನೀರು, ಗೊಬ್ಬರ ಹಾಕಿ ಬೆಳೆಸಿದ್ದೂ ಕಾಂಗ್ರೆಸ್ಸೇ. 1792ರ ಅಂಚೆ ಕಾಯ್ದೆಯಲ್ಲಿ ಪತ್ರಿಕೆಗೆ ನೂರು ಮೈಲಿಯ ತನಕ ಒಂದು ಸೆಂಟು, ಆಚೆಗೆ ಒಂದೂವರೆ. ಅದೇ ಕಾಗದ ಬರೆದರೆ ಆರರಿಂದ ಇಪ್ಪತ್ತೈದು ಸೆಂಟು. ಮುದ್ರಕರು ಒಬ್ಬರಿಗೊಬ್ಬರು ಪತ್ರಿಕೆ ಕಳಿಸಿಕೊಳ್ಳುವುದು ಪೂರ್ತಿ ಉಚಿತ. ಹಾಗಾಗಿ ಫಿಲಡೆಲ್ಫಿಯಾದ ಬೈಗುಳ ವರ್ಮಾಂಟಿನಲ್ಲಿ ಕತ್ತರಿಸಿ ಅಂಟಿಸಿ ಮತ್ತೆ ಅಚ್ಚಾಗುತ್ತಿತ್ತು. ಆರು ವರ್ಷದ ಮೇಲೆ ಅದೇ ಕಾಂಗ್ರೆಸ್ಸಿಗೆ ಬೆಳೆ ಜಾಸ್ತಿ ಆಯಿತು ಅನಿಸಿತು.

ಫಿಲಡೆಲ್ಫಿಯಾದ 'ಅರೋರಾ' ಪತ್ರಿಕೆಯದು ಎಲ್ಲಕ್ಕಿಂತ ಜೋರು ದನಿ. ಸಂಪಾದಕ ಬೆಂಜಮಿನ್ ಫ್ರಾಂಕ್ಲಿನ್ ಬಾಚ್, ದೊಡ್ಡ ಫ್ರಾಂಕ್ಲಿನ್ನರ ಮೊಮ್ಮಗ. ಕಾಯ್ದೆ ಬರುವ ತನಕ ಕಾಯುವ ತಾಳ್ಮೆಯೂ ಇಲ್ಲದೆ ಜೂನಿನಲ್ಲೇ ಹಳೆಯ ಸಾಮಾನ್ಯ ಕಾನೂನಿನಡಿ ಅವನನ್ನು ಹಿಡಿದರು. ಅಷ್ಟರಲ್ಲಿ ಊರಿಗೆ ಹಳದಿ ಜ್ವರ ಬಂತು, ಸೆಪ್ಟೆಂಬರಿನಲ್ಲಿ, ವಿಚಾರಣೆಗೆ ಮೊದಲೇ ತೀರಿಹೋದ. ಇನ್ನೂ ಮೂವತ್ತು ತುಂಬಿರಲಿಲ್ಲ. ಅವನ ಕುರ್ಚಿಗೆ ಬಂದವನು ವಿಲಿಯಂ ಡ್ವೇನ್.

ಶ್ರೀರಂಗಪಟ್ಟಣದವ
ಭಾನುವಾರ ಬೆಳಗ್ಗೆ

ಡ್ವೇನ್! ಈ ಹೆಸರಿಗೇ ಕಾಯುತ್ತಿದ್ದೆ. ಈತ ಅಮೆರಿಕಕ್ಕೆ ಹೋಗುವ ಮೊದಲು ಇದ್ದದ್ದು ಕಲ್ಕತ್ತೆಯಲ್ಲಿ. ಅಲ್ಲಿ ಪತ್ರಿಕೆ ನಡೆಸುತ್ತಿದ್ದ, ಕಂಪನಿ ಸರ್ಕಾರವನ್ನು ಕೆಣಕಿದ. ಗವರ್ನರ್ ಜನರಲ್ ಜಾನ್ ಶೋರ್ ಕಾಲದಲ್ಲಿ ಹಿಡಿದು ಹಡಗು ಹತ್ತಿಸಿ ಗಡೀಪಾರು ಮಾಡಿದರು. ಒಂದು ದೇಶದಿಂದ ಪತ್ರಿಕೆಗಾಗಿ ಓಡಿಸಲ್ಪಟ್ಟವನು ಇನ್ನೊಂದು ದೇಶಕ್ಕೆ ಹೋಗಿ ಅದೇ ಪತ್ರಿಕೆಯ ಕೆಲಸಕ್ಕೆ ಅಲ್ಲೂ ಕೇಸು ಹಾಕಿಸಿಕೊಂಡ. ಕೆಲವರ ಹಣೆಬರಹವೇ ಹಾಗೆ.

ನಮ್ಮೂರಿಗೂ ಇದಕ್ಕೂ ಎಳೆ ಒಂದಿದೆ. ಫಿಲಡೆಲ್ಫಿಯಾದಲ್ಲಿ ಫ್ರೆಂಚರ ಭೂತ ಕುಣಿಯುತ್ತಿದ್ದ 1798ರಲ್ಲೇ ಕಲ್ಕತ್ತೆಯಲ್ಲೂ ಅದೇ ಭೂತ. ಟಿಪ್ಪು ಫ್ರೆಂಚರ ಜೊತೆ ಸೇರಿದ್ದಾನೆ ಅಂತ ವೆಲ್ಲೆಸ್ಲಿ ದಂಡು ಕಟ್ಟಿದ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಅದೇ ಮೇ ತಿಂಗಳಲ್ಲಿ ವೆಲ್ಲೆಸ್ಲಿ ಕಲ್ಕತ್ತೆಯ ಪತ್ರಿಕೆಗಳಿಗೆ ನಿಯಮ ಹೊರಡಿಸಿದ: ಸರ್ಕಾರದ ಕಾರ್ಯದರ್ಶಿ ನೋಡಿ ಒಪ್ಪಿದ ಮೇಲೆಯೇ ಅಚ್ಚಿಗೆ ಹೋಗಬೇಕು. ಅಮೆರಿಕದಲ್ಲಿ ಅಚ್ಚಾದ ಮೇಲೆ ಶಿಕ್ಷೆ, ಇಲ್ಲಿ ಅಚ್ಚಾಗುವ ಮೊದಲೇ ಕತ್ತರಿ. ವಸಾಹತಿಗೂ ಗಣರಾಜ್ಯಕ್ಕೂ ಅಷ್ಟು ವ್ಯತ್ಯಾಸವಾದರೂ ಬೇಡವೇ.

ಧಾರವಾಡದಾಂವ
ಭಾನುವಾರ ಮಧ್ಯಾಹ್ನ

ಈಗ ನನ್ನ ಉಳಿದ ವಾದ. ಜೆಫರ್ಸನ್ನರನ್ನ ದೇವರು ಮಾಡಬ್ಯಾಡ್ರಿ. ಜೇಮ್ಸ್ ಕ್ಯಾಲೆಂಡರ್ ಅನ್ನೂ ಬರಹಗಾರಗ ಒಳಗಿಂದೊಳಗ ರೊಕ್ಕ ಕೊಟ್ಟು ಆಡಮ್ಸ್‌ರನ್ನ ಬೈಸಿದ್ರು. ಆತಗ ಚೇಸ್ ಸಾಹೇಬ್ರು ಒಂಬತ್ತು ತಿಂಗಳು ಜೈಲು, 200 ಡಾಲರ್ ದಂಡ ಹಾಕಿದ್ರು. 1801ಕ್ಕ ಜೆಫರ್ಸನ್ ಅಧ್ಯಕ್ಷರಾದ್ರು, ಶಿಕ್ಷಾ ಆದವರನ್ನ ಕ್ಷಮಾ ಮಾಡಿದ್ರು, ಅದು ಖರೇ. ಕ್ಯಾಲೆಂಡರ್ "ನನಗ ರಿಚ್ಮಂಡಿನ ಅಂಚೆ ಮಾಸ್ತರಿಕಿ ಕೊಡ್ರಿ" ಅಂದ. ಕೊಡಲಿಲ್ಲ. ಆತ ತಿರುಗಿ ಬಿದ್ದು 1802ರಾಗ ಜೆಫರ್ಸನ್ನರಿಗೂ ಅವರ ಮನಿಯ ಗುಲಾಮ ಹೆಣ್ಣುಮಗಳು ಸ್ಯಾಲಿ ಹೆಮ್ಮಿಂಗ್ಸ್‌ಗೂ ಸಂಬಂಧ ಅದ ಅನ್ನೂ ಸುದ್ದಿ ಅಚ್ಚ ಹಾಕಿದ. ಹಾಲು ಎರದ ಹಾವು.

1803ಕ್ಕ ಜೆಫರ್ಸನ್ನರs ಪೆನ್ಸಿಲ್ವೇನಿಯಾದ ಗವರ್ನರ್‌ಗೆ ಗುಟ್ಟಾಗಿ ಪತ್ರ ಬರೀತಾರ: ದೊಡ್ಡ ತಪ್ಪಿತಸ್ಥರ ಮ್ಯಾಲೆ ಕೆಲವು ಕೇಸು ಹಾಕಿದ್ರ ಒಳ್ಳೇ ಪರಿಣಾಮ ಆಗ್ತದ ಅಂತ. ಕೇಂದ್ರದ ಕಾನೂನು ಬ್ಯಾಡ, ರಾಜ್ಯದ್ದು ನಡೀತದ! ನ್ಯೂಯಾರ್ಕಿನ್ಯಾಗ ಹ್ಯಾರಿ ಕ್ರಾಸ್‌ವೆಲ್ ಅನ್ನೂ ಸಂಪಾದಕನ ಮ್ಯಾಲೆ ಕೇಸು ಬಿತ್ತು. ಆತ ಬರದದ್ದೇನು? ಜೆಫರ್ಸನ್ ಕ್ಯಾಲೆಂಡರಗ ರೊಕ್ಕ ಕೊಟ್ಟಾರ ಅಂತ. ಅದು ಖರೇನs ಇತ್ತು. ಆದ್ರ ಆ ಕೋರ್ಟಿನ್ಯಾಗ ಖರೇ ಅಂತ ಸಾಬೀತ ಮಾಡಾಕ ಅವಕಾಶನs ಕೊಡಲಿಲ್ಲ.

ಕರಿಕೋಟು
ಭಾನುವಾರ ಮಧ್ಯಾಹ್ನ

ಒಪ್ಪಿದೆ. ಮೇಲ್ಮನವಿಯಲ್ಲಿ, 1804ರ ಫೆಬ್ರುವರಿ, ಆಲ್ಬನಿಯಲ್ಲಿ ಕ್ರಾಸ್‌ವೆಲ್ ಪರ ವಾದಿಸಿದವರು ಹ್ಯಾಮಿಲ್ಟನ್. ಸದುದ್ದೇಶದಿಂದ ಬರೆದ ಸತ್ಯ ಅಪರಾಧವಲ್ಲ ಅಂತ. ನ್ಯಾಯಪೀಠ 2-2ಕ್ಕೆ ಒಡೆಯಿತು, ಹಾಗಾಗಿ ಗೆಲುವು ಸಿಗಲಿಲ್ಲ. ಆದರೆ ಮರುವರ್ಷ ನ್ಯೂಯಾರ್ಕ್ ಶಾಸನಸಭೆ ಅವರ ವಾದವನ್ನೇ ಕಾನೂನು ಮಾಡಿತು. ನೋಡಲು ಹ್ಯಾಮಿಲ್ಟನ್ ಇರಲಿಲ್ಲ. 1804ರ ಜುಲೈನಲ್ಲಿ ಉಪಾಧ್ಯಕ್ಷ ಆರನ್ ಬರ್ ಹಾರಿಸಿದ ಗುಂಡಿಗೆ ಬಲಿಯಾಗಿದ್ದರು. ಅದೇ ಬರ್ ಮರುವರ್ಷ ಸೆನೆಟಿನಲ್ಲಿ ನ್ಯಾಯಾಧೀಶ ಚೇಸ್ ಅವರ ಮೇಲಿನ ಮಹಾಭಿಯೋಗದ ವಿಚಾರಣೆಗೆ ಅಧ್ಯಕ್ಷತೆ ವಹಿಸಿದರು. ಚೇಸ್ ಖುಲಾಸೆ ಆದರು. ಇದನ್ನೆಲ್ಲ ನಾಟಕ ಬರೆದರೆ ಕಂಪನಿಯವರು "ಅತಿ ಆಯಿತು" ಅಂತ ವಾಪಸ್ ಕೊಟ್ಟಾರು.

ಪ್ರಶ್ನೆ ಮಾತ್ರ
ಭಾನುವಾರ ಸಂಜೆ

ಸರ್, ಸುಪ್ರೀಂ ಕೋರ್ಟ್ ಯಾಕೆ ಈ ಕಾಯ್ದೆಯನ್ನು ಅಸಾಂವಿಧಾನಿಕ ಅಂತ ಹೊಡೆದುಹಾಕಲಿಲ್ಲ? ಮಾರ್ಬರಿ ಪ್ರಕರಣ ಓದಿದ್ದೇನೆ.

ತುಂಗೆಯ ದಂಡೆ
ಭಾನುವಾರ ಸಂಜೆ

ಮಾರ್ಬರಿ, ಅಂದರೆ ಸುಪ್ರೀಂ ಕೋರ್ಟ್ ಮೊದಲ ಸಲ ಕಾಂಗ್ರೆಸ್ಸಿನ ಕಾನೂನೊಂದನ್ನು ಅಸಾಂವಿಧಾನಿಕ ಅಂದ ಪ್ರಕರಣ, 1803ರದು. ಕಾಯ್ದೆ ಸತ್ತು ಎರಡು ವರ್ಷ ಆಗಿತ್ತು. ಅದಕ್ಕೆ ಮೊದಲು ಈ ಕೇಸುಗಳನ್ನು ನಡೆಸಿದವರೇ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಅಂತ ಆಗಲೇ ನೋಡಿದೆಯಲ್ಲ, ಯಾರ ಮುಂದೆ ಹೋಗಿ ಅಳುವುದು? ಆ ಬಾಗಿಲು ಮುಚ್ಚಿದ್ದಕ್ಕೇ ಜೆಫರ್ಸನ್, ಅವರದೇ ಬಣದ ಜೇಮ್ಸ್ ಮ್ಯಾಡಿಸನ್ ಇಬ್ಬರೂ ತಮ್ಮ ಹೆಸರು ಮರೆಮಾಚಿ ಕೆಂಟಕಿ ಮತ್ತು ವರ್ಜೀನಿಯಾ ಶಾಸನಸಭೆಗಳಿಂದ 1798ರ ಕೊನೆಯಲ್ಲಿ ನಿರ್ಣಯ ಪಾಸು ಮಾಡಿಸಿದರು. ಕೇಂದ್ರ ತನ್ನ ಮೇರೆ ಮೀರಿದರೆ ರಾಜ್ಯಗಳು ಅದನ್ನು ಹೇಳಬಹುದು ಅಂತ. 1799ರಲ್ಲಿ ಕೆಂಟಕಿ ಇನ್ನೂ ಮುಂದೆ ಹೋಗಿ ಅಂಥ ಕಾನೂನನ್ನು ರಾಜ್ಯಗಳೇ ಶೂನ್ಯ ಮಾಡಬಹುದು ಅಂದಿತು. ಈ ಮಾತು ಮುಂದೆ ದಕ್ಷಿಣದ ಗುಲಾಮಗಿರಿಯ ರಾಜ್ಯಗಳ ಬಾಯಿಗೆ ಹೋಗಿ ಏನೇನಾಯಿತು ಅನ್ನುವುದು ಬೇರೆ ಎಳೆಗೆ ಬಿಡೋಣ. ಸುಪ್ರೀಂ ಕೋರ್ಟ್ ಈ ಕಾಯ್ದೆಯ ಬಗ್ಗೆ ಬಾಯಿ ಬಿಟ್ಟದ್ದು 1964ರಲ್ಲಿ, ನ್ಯೂಯಾರ್ಕ್ ಟೈಮ್ಸ್ ವಿರುದ್ಧ ಸಲಿವನ್ ಪ್ರಕರಣದಲ್ಲಿ. ನಮ್ಮ ಮುಂದೆ ಇದು ಬರಲೇ ಇಲ್ಲ, ಆದರೆ ಇತಿಹಾಸದ ನ್ಯಾಯಾಲಯದಲ್ಲಿ ಸೋತಿದೆ ಅಂತ.

ಎಡಿಸನ್ ಅಮ್ಮ
ಭಾನುವಾರ ಸಂಜೆ

ಎಲ್ಲರೂ ಪತ್ರಿಕೆಯದೇ ಮಾತಾಡುತ್ತಿದ್ದೀರಿ. ಅದೇ ಬೇಸಿಗೆಯಲ್ಲಿ ಇನ್ನೂ ಮೂರು ಕಾನೂನು ಬಂದವು, ನಮ್ಮಂಥ ವಲಸೆ ಬಂದವರಿಗೆ ಹೆಚ್ಚು ತಟ್ಟುವಂಥವು. ಪೌರತ್ವಕ್ಕೆ ಐದು ವರ್ಷ ಇದ್ದ ವಾಸವನ್ನು ಹದಿನಾಲ್ಕಕ್ಕೆ ಏರಿಸಿದರು, ಐರಿಶರೆಲ್ಲ ಜೆಫರ್ಸನ್ ಕಡೆಗೆ ಓಟು ಹಾಕುತ್ತಾರೆ ಅಂತ. 1802ರಲ್ಲಿ ಮತ್ತೆ ಐದಕ್ಕೆ ಬಂತು. ಗ್ರೀನ್ ಕಾರ್ಡಿಗೆ ಸಾಲಿನಲ್ಲಿ ನಿಂತು ಕೂದಲು ಬೆಳ್ಳಗಾದ ನಮಗೆ ಹದಿನಾಲ್ಕು ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ. ಹಾಗಂತ ಆಗ ಬಂದಿದ್ದರೆ ಸಿಗುತ್ತಿತ್ತು ಅಂತಲ್ಲ. 1790ರ ಕಾಯ್ದೆಯಲ್ಲೇ ಪೌರತ್ವ "ಸ್ವತಂತ್ರ ಬಿಳಿಯರಿಗೆ" ಮಾತ್ರ. ಭಾರತದಿಂದ ಹೋದವರಿಗೆ ಬಾಗಿಲು ತೆರೆದದ್ದು 1946ರಲ್ಲಿ.

ಇನ್ನೊಂದು, ಸ್ನೇಹದ ದೇಶದ ವಿದೇಶೀಯರನ್ನೂ ಅಧ್ಯಕ್ಷರು ವಿಚಾರಣೆ ಇಲ್ಲದೆ ಹೊರಹಾಕಬಹುದು ಅನ್ನುವುದು. ಅದು ಎರಡೇ ವರ್ಷಕ್ಕೆ ಮುಗಿಯಿತು. ಮೂರನೆಯದು ಶತ್ರುದೇಶದವರ ಕಾಯ್ದೆ, 1798ರ ಜುಲೈ 6. ಅದಕ್ಕೆ ಯಾರೂ ತಾರೀಖು ಹಾಕಲಿಲ್ಲ, ಇವತ್ತಿಗೂ ಪುಸ್ತಕದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿ, ಜರ್ಮನ್, ಇಟಾಲಿಯನ್ ಪ್ರಜೆಗಳ ಮೇಲೆ ಬಳಸಿದರು. 2025ರ ಮಾರ್ಚಿನಲ್ಲಿ ಟ್ರಂಪ್ ಅದೇ ಕಾಯ್ದೆ ತೆಗೆದು ವೆನೆಜುವೆಲಾದವರನ್ನು ವಿಮಾನ ಹತ್ತಿಸಿದರು. ಆ ವಾರ ನಮ್ಮ ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಯುಗಾದಿ ಒಬ್ಬಟ್ಟಿನ ಆರ್ಡರ್ ನಡುವೆ ಎಲ್ಲರೂ ಈ 1798 ಅಂದರೇನು ಅಂತ ಕೇಳುತ್ತಿದ್ದರು. ಧಾರವಾಡದ ಅಣ್ಣ ಹೇಳಿದ ಹಾಲಿನ ಪ್ಯಾಕೆಟ್ಟಿನ ಮಾತು ನನಗಂತೂ ಸರಿ ಅನಿಸಿತು.

ಧಾರವಾಡದಾಂವ
ಭಾನುವಾರ ರಾತ್ರಿ

ಬದುಕಿದ್ಯಾ ಬಡಜೀವ. ಒಬ್ಬರರ ಒಪ್ಪಿದ್ರಲ್ಲ.

ಪ್ರಶ್ನೆ ಮಾತ್ರ
ಭಾನುವಾರ ರಾತ್ರಿ

ಕೊನೆಯ ಪ್ರಶ್ನೆ ಸರ್. ಲಯನ್ ಏನಾದ?

ತುಂಗೆಯ ದಂಡೆ
ಭಾನುವಾರ ರಾತ್ರಿ

1799ರ ಫೆಬ್ರುವರಿಯಲ್ಲಿ ಬಿಡುಗಡೆ. ದಂಡದ ದುಡ್ಡನ್ನು ಬೆಂಬಲಿಗರು ಹೊಂದಿಸಿದರು. ಜೈಲಿನ ಬಾಗಿಲಲ್ಲೇ ಮತ್ತೆ ಹಿಡಿದಾರು ಅಂತ, ಹೊರಗೆ ಕಾಲಿಟ್ಟವನೇ "ನಾನು ಫಿಲಡೆಲ್ಫಿಯಾದ ಸದನಕ್ಕೆ ಹೊರಟಿದ್ದೇನೆ" ಅಂತ ಕೂಗಿ ಹೇಳಿದ. ಅಧಿವೇಶನಕ್ಕೆ ಹೋಗುವ ಸದಸ್ಯನನ್ನು ದಾರಿಯಲ್ಲಿ ಬಂಧಿಸುವಂತಿಲ್ಲ. ಅಲ್ಲಿ ಇನ್ನೊಮ್ಮೆ ಉಚ್ಚಾಟನೆಗೆ ಮತ, 49-45, ಮತ್ತೆ ಮೂರನೇ ಎರಡು ಸಿಗಲಿಲ್ಲ.

1800ರ ಚುನಾವಣೆಯಲ್ಲಿ ಜೆಫರ್ಸನ್‌ಗೂ ಅವರದೇ ಬಣದ ಬರ್‌ಗೂ ತಲಾ 73 ಚುನಾಯಕರ ಮತ ಬಿದ್ದು ಸಮ ಆಯಿತು. ತೀರ್ಮಾನ ಪ್ರತಿನಿಧಿ ಸಭೆಗೆ ಬಂತು, ರಾಜ್ಯಕ್ಕೊಂದು ಮತ, ಹದಿನಾರರಲ್ಲಿ ಒಂಬತ್ತು ಬೇಕು. ಜೆಫರ್ಸನ್‌ಗೆ ಎಂಟು. ವರ್ಮಾಂಟಿಗೆ ಇಬ್ಬರೇ ಸದಸ್ಯರು, ಒಬ್ಬ ಫೆಡರಲಿಸ್ಟ್, ಇನ್ನೊಬ್ಬ ಲಯನ್. ಹಾಗಾಗಿ ಆ ರಾಜ್ಯದ ಮತ ಸೊನ್ನೆ. 35 ಸಲ ಎಣಿಸಿದರೂ ಹೀಗೇ. 1801ರ ಫೆಬ್ರುವರಿ 17ರಂದು, 36ನೇ ಸಲಕ್ಕೆ, ಆ ಫೆಡರಲಿಸ್ಟ್ ಸದಸ್ಯ ಹೊರಗುಳಿದ. ವರ್ಮಾಂಟಿನ ಮತ ಲಯನ್ ಒಬ್ಬನೇ ಹಾಕಿದ, ಜೆಫರ್ಸನ್‌ಗೆ. ಮೇರಿಲ್ಯಾಂಡಿನಲ್ಲೂ ಹೀಗೇ ಆಗಿ ಹತ್ತು ರಾಜ್ಯ.

ಆಮೇಲೆ ಕೆಂಟಕಿಗೆ ಹೋಗಿ ಅಲ್ಲಿಂದಲೂ ಸಂಸದನಾದ. 1822ರಲ್ಲಿ ಅರ್ಕನ್ಸಾದಲ್ಲಿ ತೀರಿಕೊಂಡ. ಆ ದಂಡ ಇತ್ತಲ್ಲ, ಕೋರ್ಟು ಖರ್ಚು ಸೇರಿ 1060 ಡಾಲರ್ 96 ಸೆಂಟು? 1840ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ ಅಷ್ಟನ್ನೂ ಬಡ್ಡಿ ಸಮೇತ ಅವನ ಮಕ್ಕಳಿಗೆ ವಾಪಸ್ ಕೊಟ್ಟಿತು.

ಮೊಳೆ ಜೋಡಿಸುವವ
ಸೋಮವಾರ ಬೆಳಗ್ಗೆ

96 ಸೆಂಟನ್ನೂ ಬಿಡದೆ ವಸೂಲು ಮಾಡಿದ್ದರು ಅನ್ನಿ.